ಕಾರ್ಬೆಟ್ಟರ ಹಗುರ ಕೋವಿ

ಹುಲಿಬೇಟೆಗೆ ಭಾರವಾದ ಜೋಡುನಳಿಗೆಯ ಕೋವಿಯೇ ತಕ್ಕುದೆಂಬ ಮತವು ಬ್ರಿಟಿಷರ ಕಾಲದ ಭಾರತದಲ್ಲಿ ಬಲವಾಗಿದ್ದಿತು. ಕುಮಾವೂಂ ಬೆಟ್ಟಗಳ ಬೇಟೆಗಾರ ಜಿಮ್ ಕಾರ್ಬೆಟ್ಟರ ಚರಿತ್ರೆಯು ಈ ಮತವನ್ನು ಪರೀಕ್ಷಿಸಲು ಅನುವು ಕೊಡುತ್ತದೆ. 1907ರಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದುದಕ್ಕಾಗಿ ಸಂಯುಕ್ತ ಪ್ರಾಂತ್ಯಗಳ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂವೆಟ್ಟರು ಅವರಿಗೆ ಲಂಡನ್ನಿನ ರಿಗ್ಬಿ ಕಂಪನಿಯ ಕೋವಿಯೊಂದನ್ನು ಇತ್ತರು. ಅದರ ಅಳತೆ .275 ಅಂಗುಲ. ಜರ್ಮನಿಯ ಮೌಸರ್ 7 ಮಿಲಿಮೀಟರ್ ತೋಟಾಕ್ಕೆ ಇಂಗ್ಲೆಂಡಿನಲ್ಲಿ ನಡೆದ ಹೆಸರಿದು. ಬ್ರಿಟಿಷ್ ಸೈನ್ಯದ ಅಳತೆ.303 ಆಗಿದ್ದ ಕಾಲದಲ್ಲಿ ರೂಢಿಗೆ ಹೊರಗಾದುದು. ಕಾರ್ಬೆಟ್ಟರಲ್ಲಿ .450/400ರ ಜೋಡುನಳಿಗೆಯೂ ಇದ್ದಿತು.

ಹಗುರತನದ ಬೆಲೆಯು 1930ರಲ್ಲಿ ಚೌಗಢದ ಹೆಣ್ಣುಹುಲಿಯ ಮುಂದೆ ವ್ಯಕ್ತವಾಯಿತು. ಬಂಡೆಯ ಮರೆಯಲ್ಲಿ ಕೆಲವೇ ಅಡಿಗಳ ದೂರದಲ್ಲಿ ಹುಲಿಯು ಎದುರಾದಾಗ ಅವರ ಎಡಗೈಯಲ್ಲಿ ನತ್ತಿಂಗ ಹಕ್ಕಿಯ ಮೊಟ್ಟೆಗಳು, ಬಲಗೈಯಲ್ಲಿ ಹಗುರವಾದ ಕೋವಿ. ಒಂದೇ ಕೈಯಿಂದ ಅದನ್ನು ಮೆಲ್ಲಮೆಲ್ಲನೆ ಮುಕ್ಕಾಲು ಸುತ್ತು ತಿರುಗಿಸಿ ಗುಂಡು ಹಾರಿಸಿದರು. 1944ರಲ್ಲಿ ಪ್ರಕಟವಾದ ‘ಮ್ಯಾನ್ ಈಟರ್ಸ್ ಆಫ್ ಕುಮಾವೂಂ’ ಗ್ರಂಥದಲ್ಲಿ ಅವರು ತಾವು ಉಳಿದುದಕ್ಕೆ ಮೂರು ಕಾರಣಗಳನ್ನು ಎಣಿಸಿದ್ದಾರೆ: ಕೈಯಲ್ಲಿದ್ದ ಮೊಟ್ಟೆಗಳು, ಕೋವಿಯ ಹಗುರತನ, ಹುಲಿಯು ನರಭಕ್ಷಕವಾಗಿದ್ದುದು. ಗುಂಡಿನ ಗಾತ್ರವಾಗಲಿ ತಮ್ಮ ಗುರಿಯ ನೈಪುಣ್ಯವಾಗಲಿ ಆ ಎಣಿಕೆಯಲ್ಲಿ ಸೇರಿಲ್ಲ. ಕಾಲುನಡೆಯ ಬೇಟೆಗಾರನಿಗೆ ಕೋವಿಯ ಬಲಕ್ಕಿಂತ ಅದು ಕೈಗೆ ಒದಗುವ ಬಗೆಯೇ ಮುಖ್ಯವೆಂಬುದಕ್ಕೆ ಇದು ಸಾಕಾದ ಸಾಕ್ಷ್ಯ.