ಕಿವಿ ಹಿಂಡಿದರೆ ಹಾಡುತ್ತಿದ್ದ ಪೆಟ್ಟಿಗೆ

ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದರು. ಅದೇ ಮುಂದೆ ‘ಆಕಾಶವಾಣಿ’ ಆಯಿತು. ಆಗ ರೇಡಿಯೋ ಅಂದರೆ ವಾಲ್ವ್ ರೇಡಿಯೋ... ವಾಲ್ವ್ ಕಾಯುವ ತನಕ ನಾವೂ ಕಾಯಬೇಕು! 1954ರಲ್ಲಿ ಹುಟ್ಟಿದ ನಮ್ಮ ಜಾಲಹಳ್ಳಿಯ ಬಿಇಎಲ್ ಮುಂದೆ ವಾಲ್ವನ್ನೂ ತಯಾರಿಸಿತು.

ಆಮೇಲೆ ಟ್ರಾನ್ಸಿಸ್ಟರ್ ಬಂತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆ ವಾಲ್ವ್ ಪೆಟ್ಟಿಗೆಗಳು ಅಟ್ಟ ಸೇರಿದವು, ಇಲ್ಲವೇ ಗುಜರಿ.

ಈಗ ಹವ್ಯಾಸಿಗಳು ಅಂಥದೇ ವಾಲ್ವ್‌ಗಳಿಂದ ಬಫರ್ ಕಟ್ಟುತ್ತಾರೆ. ಅದು ಸದ್ದು ಹೆಚ್ಚಿಸುವುದಿಲ್ಲ. ಸೊರಗಿದ ಸಿಗ್ನಲ್ಲಿಗೆ ಹೆಗಲು ಕೊಡುತ್ತದೆ, ಅಷ್ಟೇ. ವಾಲ್ಯೂಮಿನ ಕಾರ್ಬನ್ ಪಟ್ಟಿ ಸವೆದರೆ ಕರಕರ ಗ್ಯಾರಂಟಿ. ಅದಕ್ಕೇ ಅದರ ಜಾಗದಲ್ಲಿ ರೆಸಿಸ್ಟರುಗಳನ್ನು ಮೆಟ್ಟಿಲಿನಂತೆ ಜೋಡಿಸಿದ ಸ್ವಿಚ್ಚು!

ಗುಜರಿಗೆ ಹಾಕುವ ಮುನ್ನ ಬಲ್ಲವರಿಂದ ವಾಲ್ವ್ ಬಿಚ್ಚಿಸಿಡಿ, ಒಳಗೆ ಹೈವೋಲ್ಟೇಜ್ ಉಳಿದಿರಬಹುದು. ನಿಮ್ಮೂರಲ್ಲಿ ಇನ್ನೂ ಹಾಡುವ ಪೆಟ್ಟಿಗೆ ಇದೆಯಾ?