ಕಪ್ಪು ಬಿಯರ್‌ಗೆ ಕಾಯಿದೆಯ ಒಗ್ಗರಣೆ

ಸ್ವೀಡನ್ನಿನ ಓಮ್ನಿಪೊಲ್ಲೊ ಮತ್ತು ಇಂಗ್ಲೆಂಡಿನ ಬಕ್ಸ್‌ಟನ್ ಎಂಬ ಎರಡು ಸಣ್ಣ ಬ್ರೂವರಿಗಳು ಕೂಡಿ 2014ರಲ್ಲಿ ‘ಯೆಲ್ಲೊ ಬೆಲ್ಲಿ’ ಹೆಸರಿನ ಕಪ್ಪು ಬಿಯರೊಂದನ್ನು ಮಾರುಕಟ್ಟೆಗೆ ತಂದವು. ಪೀನಟ್ ಬಟರ್ ಬಿಸ್ಕತ್ತಿನ ಸ್ಟೌಟ್ ಎಂಬುದೇ ಅದರ ಹೆಗ್ಗಳಿಕೆ. ಒಳಗೆ ಏನಿದೆ ಎಂದು ಹುಡುಕಿದರೆ ಕಡಲೆಕಾಯಿ ಇಲ್ಲ, ಬೆಣ್ಣೆ ಇಲ್ಲ, ಬಿಸ್ಕತ್ತಂತೂ ಇಲ್ಲವೇ ಇಲ್ಲ. ಮದ್ಯಾಂಶ ಮಾತ್ರ ಶೇ 11.

ಇಂಥ ಬಿಯರ್‌ಗಳಿಗೆ ಈಗ ‘ಪೇಸ್ಟ್ರಿ ಸ್ಟೌಟ್’ ಎಂಬ ಹೆಸರು ನಿಂತಿದೆ. ಅಲೆಕ್ಸ್ ಕಿಡ್ ಎಂಬ ಅಮೆರಿಕನ್ ವಿಮರ್ಶಕ ಗೇಲಿ ಮಾಡಲು ಬಳಸಿದ ಮಾತದು. ಗೇಲಿಗೆ ಗುರಿಯಾದವರೇ ಅದನ್ನು ಎತ್ತಿಕೊಂಡು ಲೇಬಲ್ಲಿಗೆ ಅಂಟಿಸಿಕೊಂಡರು. ಇದನ್ನು ದೊಡ್ಡ ಮಗ್ಗಿನಲ್ಲಿ ಗಟಗಟ ಕುಡಿಯುವವರಿಲ್ಲ. ಹೊಟ್ಟೆ ಅಗಲವಾಗಿ ಬಾಯಿ ಕಿರಿದಾದ ಸಣ್ಣ ಗ್ಲಾಸಿಗೆ ನಾಲ್ಕು ಗುಟುಕಿನಷ್ಟು ಸುರಿದುಕೊಂಡು, ಒಂದೇ ಬಾಟಲಿಯನ್ನು ಮೂರು ನಾಲ್ಕು ಜನ ಹಂಚಿಕೊಳ್ಳುವುದು ರೂಢಿ. ಫ್ರಿಜ್ಜಿನಿಂದ ತೆಗೆದ ಕೂಡಲೇ ಬಾಯಿಗಿಟ್ಟರೆ ಅದರ ಘಮ, ರುಚಿ ಅಷ್ಟಾಗಿ ಗೊತ್ತಾಗದು. ಸ್ವಲ್ಪ ಹೊತ್ತು ಬಿಟ್ಟು ತಂಪು ಕಳೆದ ಮೇಲೆ ಮೊದಲು ವೆನಿಲಾ, ಕೋಕೊ ಘಮ, ಅದರ ಬೆನ್ನಿಗೆ ಹುರಿದ ಕಾಫಿಬೀಜದಂಥ ಕಹಿ, ಕೊನೆಯಲ್ಲಿ ಗಂಟಲಿನಲ್ಲಿ ಮದ್ಯದ ಬಿಸಿ. ಗ್ಲಾಸನ್ನು ಓರೆ ಮಾಡಿದರೆ ಕಾಕಂಬಿಯ ಹಾಗೆ ಒಳಗೋಡೆಗೆ ಅಂಟಿಕೊಂಡು ನಿಧಾನವಾಗಿ ಇಳಿಯುತ್ತದೆ. ಯೀಸ್ಟ್ ತಿಂದು ಮುಗಿಸಲಾಗದಷ್ಟು ಸಕ್ಕರೆಯನ್ನು ಬೇಕೆಂದೇ ಉಳಿಸಿದ್ದರ ಫಲ ಅದು.

ಹಳಬರು ಇದನ್ನು ಕಂಡರೆ ಸಿಡುಕುತ್ತಾರೆ. ಬಿಯರ್ ಎಂದರೆ ಮಾಲ್ಟ್, ಕಹಿ ಕೊಡುವ ಹಾಪ್ಸ್ ಹೂ, ನೀರು, ಯೀಸ್ಟ್. ಅದನ್ನು ಪಾಯಸ ಮಾಡಿದವರು ಯಾರು ಎಂಬುದು ಅವರ ತಕರಾರು. ಯಾರು ಎಂದು ಹುಡುಕುತ್ತ ಹಿಂದಕ್ಕೆ ಹೋದರೆ ಸಿಗುವವರು ಬ್ರೂವರಿಯವರಷ್ಟೇ ಅಲ್ಲ. ಪಾರ್ಲಿಮೆಂಟು, ಅಬಕಾರಿ ಅಧಿಕಾರಿ, ಸುಂಕದ ಕಟ್ಟೆಯವನು ಎಲ್ಲರೂ ಸಾಲಾಗಿ ಸಿಗುತ್ತಾರೆ. ಕಪ್ಪು ಬಿಯರ್ ರುಚಿ ಬದಲಿಸಿದಾಗಲೆಲ್ಲ ಹತ್ತಿರದಲ್ಲೇ ಒಂದು ಕಾಯಿದೆ ಕಾಣುತ್ತದೆ.

ಕಥೆ ಶುರುವಾಗುವುದು ಹದಿನೆಂಟನೇ ಶತಮಾನದ ಆರಂಭದ ಲಂಡನ್ನಿನಲ್ಲಿ. ಥೇಮ್ಸ್ ದಂಡೆಯಲ್ಲಿ, ಬೀದಿಗಳಲ್ಲಿ ಹೊರೆ ಹೊರುತ್ತಿದ್ದ ಹಮಾಲರಿಗೆ ಪ್ರಿಯವಾಗಿದ್ದ ಕಂದು ಬಿಯರ್‌ಗೆ ಅವರದೇ ಹೆಸರು ಬಂದು ಅದು ‘ಪೋರ್ಟರ್’ ಆಯಿತು. 1722ರಲ್ಲಿ ರಾಲ್ಫ್ ಹಾರ್‌ವುಡ್ ಎಂಬಾತ ಇದನ್ನು ಕಂಡುಹಿಡಿದ ಎಂಬ ಕಥೆ ಬಹಳ ಪುಸ್ತಕಗಳಲ್ಲಿ ಸಿಗುತ್ತದೆ. ಆದರೆ ಅದು ಹುಟ್ಟಿಕೊಂಡದ್ದು ಎಂಬತ್ತು ವರ್ಷ ತಡವಾಗಿ, ಇಂದಿನ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ‘ಸ್ಟೌಟ್’ ಎಂದರೆ ಆಗ ಬಣ್ಣವಲ್ಲ, ಗಟ್ಟಿ ಬಿಯರ್ ಎಂದಷ್ಟೇ. ಗಟ್ಟಿಯಾದ ಪೋರ್ಟರ್ ‘ಸ್ಟೌಟ್ ಪೋರ್ಟರ್’ ಎನಿಸಿಕೊಂಡು, ಮುಂದೆ ಬಾಲ ಕಳಚಿಕೊಂಡು ಸ್ಟೌಟ್ ಆಗಿ ಉಳಿಯಿತು.

ಪೋರ್ಟರನ್ನು ತಿಂಗಳುಗಟ್ಟಲೆ ಹಣ್ಣಾಗಿಸಬೇಕಿತ್ತು. ಹಾಗಾಗಿ ಲಂಡನ್ನಿನ ಬ್ರೂವರಿಗಳು ಮನೆಯೆತ್ತರದ ಮರದ ಪೀಪಾಯಿಗಳನ್ನು ಕಟ್ಟಿಸಿದವು. ಯಾರದು ದೊಡ್ಡದು ಎಂಬ ಪೈಪೋಟಿಯೂ ನಡೆಯಿತು. ಅದಕ್ಕೆ ಬೆಲೆ ತೆತ್ತವರು ಬಡವರು. 1814ರ ಅಕ್ಟೋಬರ್ 17ರ ಸಂಜೆ, ಟಾಟನ್‌ಹ್ಯಾಮ್ ಕೋರ್ಟ್ ರಸ್ತೆಯ ಮ್ಯೂಕ್ಸ್ ಕಂಪನಿಯ ಹಾರ್ಸ್ ಶೂ ಬ್ರೂವರಿಯಲ್ಲಿ 22 ಅಡಿ ಎತ್ತರದ ಪೀಪಾಯಿಯ ಒಂದು ಕಬ್ಬಿಣದ ಪಟ್ಟಿ ಕಳಚಿ ಬಿತ್ತು. ಆಗಾಗ ಹೀಗಾಗುವುದುಂಟು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸುಮಾರು ಒಂದು ಗಂಟೆಯ ಬಳಿಕ ಪೀಪಾಯಿ ಸಿಡಿಯಿತು. ಗೋಡೆ ಒಡೆದು ಹೊರಬಿದ್ದ ಪೋರ್ಟರ್ ಹಿತ್ತಲಿನ ಕೊಳೆಗೇರಿಗೆ ನುಗ್ಗಿ ಎಂಟು ಜನರನ್ನು ಕೊಂದಿತು, ಎಲ್ಲರೂ ಹೆಂಗಸರು ಮತ್ತು ಮಕ್ಕಳು. ಅವರಲ್ಲಿ ಕೆಲವರು ತೀರಿಕೊಂಡಿದ್ದ ಎರಡು ವರ್ಷದ ಮಗುವಿನ ಶವದ ಬಳಿ ನೆಲಮಾಳಿಗೆಯಲ್ಲಿ ಕೂತಿದ್ದವರು. ಜನ ಬೀದಿಗೆ ಬಂದು ಬೊಗಸೆಯಲ್ಲಿ ಬಿಯರ್ ಮೊಗೆದು ಕುಡಿದರೆಂಬ ರಸವತ್ತಾದ ವಿವರ ಅಂದಿನ ಪತ್ರಿಕೆಗಳಲ್ಲಿ ಇಲ್ಲ, ಅದು ಆಮೇಲೆ ಸೇರಿಸಿದ್ದು. ವಿಚಾರಣೆಯಲ್ಲಿ ಇದು ಆಕಸ್ಮಿಕ ಸಾವು ಎಂದು ತೀರ್ಮಾನವಾಯಿತು. ಹರಿದುಹೋದ ಬಿಯರಿನ ಮೇಲೆ ಮೊದಲೇ ಕಟ್ಟಿದ್ದ ಸುಂಕ ವಾಪಸು ಕೊಡಿ ಎಂದು ಕಂಪನಿ ಪಾರ್ಲಿಮೆಂಟಿನ ಮೊರೆಹೊಕ್ಕಿತು. ಸುಮಾರು 7,250 ಪೌಂಡ್ ಕೈಸೇರಿತು. ಸತ್ತವರ ಮನೆಯವರಿಗೆ ಕಂಪನಿಯಿಂದ ಪರಿಹಾರ ಸಿಗಲಿಲ್ಲ.

ಸುಂಕಕ್ಕೆ ಇದ್ದ ಈ ತೂಕ ಬಿಯರಿನ ಬಣ್ಣದಲ್ಲೂ ಕಾಣುತ್ತದೆ. ಮೊದಮೊದಲು ಪೋರ್ಟರ್ ತಯಾರಾಗುತ್ತಿದ್ದುದು ಪೂರ್ತಿ ಕಂದು ಮಾಲ್ಟಿನಿಂದ, ಅಂದರೆ ಮೊಳಕೆ ಬರಿಸಿದ ಜವೆಗೋಧಿಯನ್ನು ಸೌದೆಯ ಬೆಂಕಿಯಲ್ಲಿ ಜೋರಾಗಿ ಒಣಗಿಸಿದ್ದರಿಂದ. 1780ರ ದಶಕದಲ್ಲಿ ಜಾನ್ ರಿಚರ್ಡ್‌ಸನ್ ಎಂಬಾತ ಸಕ್ಕರೆಯಂಶ ಅಳೆಯುವ ಸ್ಯಾಕರೋಮೀಟರನ್ನು ಬ್ರೂವರಿಗಳಿಗೆ ಪರಿಚಯಿಸಿದಾಗ ಗುಟ್ಟು ರಟ್ಟಾಯಿತು. ಕಂದು ಮಾಲ್ಟ್ ಅಗ್ಗವೇನೋ ಸರಿ, ಆದರೆ ತಿಳಿ ಮಾಲ್ಟಿನಿಂದ ಸಿಗುವಷ್ಟು ಸಕ್ಕರೆ ಅದರಿಂದ ಸಿಗದು. ನೆಪೋಲಿಯನ್ ಯುದ್ಧದ ಖರ್ಚಿಗೆಂದು ಮಾಲ್ಟಿನ ತೆರಿಗೆ ಏರಿದಂತೆ ಎಲ್ಲರೂ ತಿಳಿ ಮಾಲ್ಟಿನ ಕಡೆ ವಾಲಿದರು. ಬಿಯರ್ ಬೆಳ್ಳಗಾಯಿತು, ಗಿರಾಕಿ ಮುಖ ಸಿಂಡರಿಸಿದ. ಬಣ್ಣಕ್ಕೆ ಕಂಡಕಂಡದ್ದನ್ನು ಹಾಕುವ ಚಾಳಿ ಆಗ ಬೆಳೆಯಿತು. ಸುಟ್ಟ ಸಕ್ಕರೆಗೆ 1811ರಲ್ಲಿ ಅನುಮತಿ ಕೊಟ್ಟ ಸರ್ಕಾರ 1816ರಲ್ಲಿ ಅದನ್ನೂ ಹಿಂತೆಗೆದುಕೊಂಡು, ಮಾಲ್ಟ್ ಮತ್ತು ಹಾಪ್ಸ್ ಬಿಟ್ಟು ಬೇರೇನೂ ಕೂಡದು ಎಂದಿತು.

ಮರುವರ್ಷವೇ ಡೇನಿಯಲ್ ವೀಲರ್ ಎಂಬಾತ ಕಾಫಿಬೀಜ ಹುರಿಯುವಂಥ ಕಬ್ಬಿಣದ ಉರುಳೆಯಲ್ಲಿ ಮಾಲ್ಟನ್ನು ಕರ್ರಗೆ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಹಿಡಿಯಷ್ಟು ಹಾಕಿದರೆ ಸಾಕು, ಇಡೀ ಕೊಪ್ಪರಿಗೆಗೆ ಬಣ್ಣ. ಅದು ಮಾಲ್ಟೇ ಆದ್ದರಿಂದ ಅಬಕಾರಿಯವರು ಕೆಮ್ಮುವಂತಿಲ್ಲ. ಇಂದು ಸ್ಟೌಟ್ ಎಂದರೆ ಎಲ್ಲರಿಗೂ ನೆನಪಾಗುವ ಕಾಫಿ–ಚಾಕೊಲೇಟಿನ ಕಹಿ ಹುಟ್ಟಿದ್ದು ಇಲ್ಲಿ. ತೆರಿಗೆ ಉಳಿಸಲು ಹೋಗಿ ಸಿಕ್ಕ ರುಚಿ ಇದು ಎಂದರೆ ತಪ್ಪಾಗದು.

ಗಟ್ಟಿತನದ ಕಥೆ ಬೇರೆ. ಲಂಡನ್ನಿನ ಸದರ್ಕ್‌ನಲ್ಲಿ ಹೆನ್ರಿ ಥ್ರೇಲ್ ಒಡೆತನದ ಆ್ಯಂಕರ್ ಬ್ರೂವರಿ ಇತ್ತು. 1781ರಲ್ಲಿ ಥ್ರೇಲ್ ಸತ್ತಾಗ ಉಯಿಲು ಜಾರಿ ಮಾಡುವ ಹೊಣೆ ಹೊತ್ತವರಲ್ಲಿ ಅವನ ಗೆಳೆಯ, ನಿಘಂಟುಕಾರ ಸ್ಯಾಮ್ಯುಯಲ್ ಜಾನ್ಸನ್ ಕೂಡ ಒಬ್ಬ. ಬ್ರೂವರಿಯ ಮಾರಾಟದ ದಿನ ಕೋಟಿನ ಗುಂಡಿರಂಧ್ರಕ್ಕೆ ಲೇಖನಿ, ಮಸಿಕುಡಿಕೆ ಸಿಕ್ಕಿಸಿಕೊಂಡು ಜಾನ್ಸನ್ ಅಬಕಾರಿ ಅಧಿಕಾರಿಯ ಹಾಗೆ ಸಡಗರದಿಂದ ಓಡಾಡಿದನೆಂದು ಅವನ ಜೀವನಚರಿತ್ರೆಕಾರ ಬಾಸ್‌ವೆಲ್ ಬರೆದಿದ್ದಾನೆ. 1,35,000 ಪೌಂಡಿಗೆ ಕೈಬದಲಾಗಿ ಅದು ಬಾರ್‌ಕ್ಲೇ ಪರ್ಕಿನ್ಸ್ ಆಯಿತು. ರಷ್ಯದ ಸಾಮ್ರಾಜ್ಞಿಗೆಂದೇ ತಯಾರಿಸಿದ ಈ ಬ್ರೂವರಿಯ ಪೋರ್ಟರ್ ಕುಡಿದುದನ್ನು ಚಿತ್ರಕಾರ ಜೋಸೆಫ್ ಫ್ಯಾರಿಂಗ್ಟನ್ 1796ರ ದಿನಚರಿಯಲ್ಲಿ ದಾಖಲಿಸಿದ್ದಾನೆ. ಆ ಸಾಮ್ರಾಜ್ಞಿ ಕ್ಯಾಥರೀನ್. ಗಟ್ಟಿ ಸ್ಟೌಟಿಗೆ ಬಂದ ‘ಇಂಪೀರಿಯಲ್ ಸ್ಟೌಟ್’ ಎಂಬ ಬಿರುದಿನ ಮೂಲ ಆ ಅರಮನೆ ನಂಟು.

1822ರಲ್ಲಿ ರಷ್ಯ ಸುಂಕ ಬಿಗಿ ಮಾಡಿ ಇಂಗ್ಲಿಷ್ ಸರಕಿಗೆ ಬಾಗಿಲು ಹಾಕಿದಾಗಲೂ ಪೋರ್ಟರಿಗೆ ವಿನಾಯಿತಿ ಸಿಕ್ಕಿತು. ಸಿಕ್ಕದೆ ಹೋದವರು ಇಂಗ್ಲೆಂಡಿನ ಬರ್ಟನ್ ಪಟ್ಟಣದ ಬ್ರೂವರಿಯವರು. ಬಾಲ್ಟಿಕ್ ಮಾರುಕಟ್ಟೆ ಕಳೆದುಕೊಂಡ ಅವರು ತಿಳಿ ಬಣ್ಣದ ಬಿಯರ್ ಮಾಡಿ ಭಾರತದತ್ತ ಮುಖ ಮಾಡಿದರು. ಇಂಡಿಯಾ ಪೇಲ್ ಏಲ್ ಎನಿಸಿಕೊಂಡ ಆ ಬಿಯರಿನ ಅದೃಷ್ಟ ತೆರೆದದ್ದರಲ್ಲಿ ರಷ್ಯದ ಸುಂಕದ ಪಾಲೂ ಇದೆ. ಬಾರ್‌ಕ್ಲೇ ಪರ್ಕಿನ್ಸ್ ಸ್ಟೌಟನ್ನು ರಷ್ಯಕ್ಕೆ ಸಾಗಿಸುತ್ತಿದ್ದ ಲೆ ಕಾಕ್ ಕಂಪನಿಯ ಸರಕು ಹೊತ್ತ ‘ಓಲಿವಾ’ ಹಡಗು 1869ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಮುಳುಗಿತು. 1974ರಲ್ಲಿ ಮುಳುಗುಗಾರರು ಬಾಟಲಿಗಳನ್ನು ಮೇಲೆತ್ತಿದಾಗ ಕಂಪನಿಯ ಹೆಸರು ಅವುಗಳ ಮೇಲೆ ಇನ್ನೂ ಓದಲು ಬರುವಂತಿತ್ತು.

ಭಾರತದ ವಿಷಯಕ್ಕೆ ಬಂದರೆ, ಪೇಲ್ ಏಲ್ ಹೆಸರು ಮಾಡಿದ್ದು ಹೌದು, ಆದರೆ ಅದು ಅಧಿಕಾರಿಗಳ ಮೇಜಿನ ಬಿಯರ್. ಕಂಟೋನ್ಮೆಂಟುಗಳಲ್ಲಿ ಸಾಮಾನ್ಯ ಬ್ರಿಟಿಷ್ ಸಿಪಾಯಿ ಕುಡಿಯುತ್ತಿದ್ದುದು ಪೋರ್ಟರ್. ಈಸ್ಟ್ ಇಂಡಿಯಾ ಕಂಪನಿ ಅದನ್ನು ಟೆಂಡರ್ ಕರೆದು ಹಡಗುಗಟ್ಟಲೆ ತರಿಸುತ್ತಿತ್ತು. ನೀಲಗಿರಿ, ಬೆಂಗಳೂರುಗಳಲ್ಲಿ ಬ್ರೂವರಿಗಳು ತಲೆಯೆತ್ತಿದ್ದು ಇದೇ ಗಿರಾಕಿಯನ್ನು ನಂಬಿ. ಅಂಥ ಐದನ್ನು ಒಗ್ಗೂಡಿಸಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಪೀಪಾಯಿಗಳು ಎತ್ತಿನ ಗಾಡಿಯಲ್ಲಿ ದಂಡಿಗೆ ಹೋಗುತ್ತಿದ್ದವು. ಸಿಪಾಯಿಗಳು ಹೋದರು, ಇಲ್ಲಿ ತಿಳಿ ಬಣ್ಣದ ಲಾಗರ್ ಬಿಯರ್ ಉಳಿಯಿತು. ಗಟ್ಟಿ ಸ್ಟೌಟಿನ ಪರಂಪರೆ ಉಳಿದದ್ದು ಪಕ್ಕದ ಶ್ರೀಲಂಕೆಯಲ್ಲಿ. 1881ರಲ್ಲಿ ನುವರ ಎಲಿಯದ ಚಹಾ ಬೆಟ್ಟಗಳಲ್ಲಿ ಶುರುವಾದ ಕಂಪನಿಯ ಲಯನ್ ಸ್ಟೌಟ್ ಇಂದಿಗೂ ಶೇ 8ರ ಮೇಲಿದೆ. ಇಂಗ್ಲಿಷ್ ಬಿಯರ್ ಬರಹಗಾರ ಮೈಕೆಲ್ ಜಾಕ್ಸನ್ ಅದನ್ನು ಹೊಗಳಿ ಹೊರಜಗತ್ತಿಗೆ ಪರಿಚಯಿಸಿದ.

ಸಿಹಿ ಬಂದದ್ದು ಇನ್ನೊಂದು ಕಾಯಿದೆಯ ಬೆನ್ನೇರಿ. 1880ರಲ್ಲಿ ಪ್ರಧಾನಿ ಗ್ಲಾಡ್‌ಸ್ಟನ್ ಮಾಲ್ಟ್ ತೆರಿಗೆಯನ್ನು ತೆಗೆದುಹಾಕಿ, ಬಿಯರಿನ ಮೇಲೆ ತೆರಿಗೆ ಹಾಕಿದ. ಕೊಪ್ಪರಿಗೆಗೆ ಯಾವ ಧಾನ್ಯ, ಎಂಥ ಸಕ್ಕರೆ ಹಾಕಿದರೂ ಸರ್ಕಾರಕ್ಕೆ ಲೆಕ್ಕವಿಲ್ಲದಂತಾಯಿತು. ಶತಮಾನ ಮುಗಿಯುವುದರೊಳಗೆ ಓಟ್ಸ್ ಹಾಕಿದ ಸ್ಟೌಟ್ ಬಂತು. 1907ರಲ್ಲಿ ಕೆಂಟ್ ಪ್ರಾಂತದ ಹೈತ್ ಊರಿನ ಮ್ಯಾಕೆಸನ್ ಬ್ರೂವರಿ ಹಾಲಿನ ಸಕ್ಕರೆ ಹಾಕಿದ ‘ಮಿಲ್ಕ್ ಸ್ಟೌಟ್’ ಮಾರತೊಡಗಿತು. ಲ್ಯಾಕ್ಟೋಸನ್ನು ಬಿಯರಿನ ಯೀಸ್ಟ್ ಜೀರ್ಣಿಸಿಕೊಳ್ಳಲಾರದು. ಹಾಗಾಗಿ ಸಿಹಿ ಹಾಗೇ ಉಳಿಯುತ್ತದೆ. ಲೇಬಲ್ಲಿನ ಮೇಲೆ ಹಾಲಿನ ಕ್ಯಾನಿನ ಚಿತ್ರ, ಒಂದು ಪಿಂಟಿನಲ್ಲಿ ಅರ್ಧ ಪಿಂಟ್ ಹಾಲಿನ ಶಕ್ತಿ ಇದೆ ಎಂಬ ಜಂಬ. ಬಾಣಂತಿಯರಿಗೆ, ನಿಶ್ಶಕ್ತರಿಗೆ ಒಳ್ಳೆಯದೆಂದು ಜನ ನಂಬಿದರು, ವೈದ್ಯರಲ್ಲೂ ಕೆಲವರು ಹೂಂಗುಟ್ಟಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸರ್ಕಾರ ‘ಮಿಲ್ಕ್’ ಪದವನ್ನು ತೆಗೆಸಿತು. ಕ್ಯಾನಿನ ಚಿತ್ರಕ್ಕೆ ಮಾತ್ರ ಏನೂ ಆಗಲಿಲ್ಲ!

ಮೊದಲ ಮಹಾಯುದ್ಧದಲ್ಲಿ ಧಾನ್ಯ ಉಳಿಸಲೆಂದು ಬ್ರಿಟನ್ ಬಿಯರಿನ ಗಟ್ಟಿತನಕ್ಕೆ ಕತ್ತರಿ ಹಾಕಿತ್ತು. ಐರ್ಲೆಂಡಿಗೆ ಅಷ್ಟು ಬಿಗಿ ಇರಲಿಲ್ಲ. ಲಂಡನ್ನಿನ ಕೂಸಾದ ಸ್ಟೌಟ್ ಇಂದು ಐರಿಷ್ ಎನಿಸಿಕೊಳ್ಳಲು, ಅಲ್ಲಿನ ಗಿನ್ನೆಸ್ ಬ್ರೂವರಿಯ ಹೆಸರೇ ಅದರ ಹೆಸರಾಗಲು ಇದೂ ಒಂದು ಕಾರಣ. ಬಾರ್‌ಕ್ಲೇ ಪರ್ಕಿನ್ಸ್ 1955ರಲ್ಲಿ ಕರೇಜ್ ಕಂಪನಿಯೊಳಗೆ ಕರಗಿತು. ಅದರ ಇಂಪೀರಿಯಲ್ ಸ್ಟೌಟಿನ ತಯಾರಿಕೆ 1993ರಲ್ಲಿ ನಿಂತಿತು.

ಅಷ್ಟರಲ್ಲಿ ಅಮೆರಿಕದಲ್ಲಿ ಬೇರೆ ಬೀಜ ಮೊಳೆತಿತ್ತು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮಸೂದೆಯಿಂದ ಮನೆಯಲ್ಲಿ ಬಿಯರ್ ಮಾಡಿಕೊಳ್ಳುವುದು ಕಾನೂನುಬದ್ಧವಾಯಿತು. ಸಣ್ಣ ಬ್ರೂವರಿಗಳ ‘ಕ್ರಾಫ್ಟ್’ ಬಿಯರಿನ ಮೊದಲ ತಲೆಮಾರಿನ ಬಹಳಷ್ಟು ಮಂದಿ ಆ ಅಡುಗೆಮನೆಗಳಿಂದ ಬಂದವರು. ಅವರಿಗೆ ಇನ್ನೊಂದು ನಿಯಮವೂ ಒದಗಿ ಬಂತು. ಅಮೆರಿಕದ ಬೂರ್ಬನ್ ವಿಸ್ಕಿಯನ್ನು ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕೆಂಬುದು 1930ರ ದಶಕದಿಂದ ಇರುವ ನಿಯಮ. ಒಂದು ಸಲ ಬಳಸಿದ ಪೀಪಾಯಿ ಬೂರ್ಬನ್‌ಗೆ ಮತ್ತೆ ಬಾರದು. ಶಿಕಾಗೊದ ಗೂಸ್ ಐಲ್ಯಾಂಡ್ ಬ್ರೂವರಿಯ ಗ್ರೆಗ್ ಹಾಲ್ 1990ರ ದಶಕದಲ್ಲಿ ಅಂಥ ಪೀಪಾಯಿಗಳನ್ನು ತರಿಸಿ ಇಂಪೀರಿಯಲ್ ಸ್ಟೌಟ್ ತುಂಬಿಸಿದ. ಸುಟ್ಟ ಓಕ್ ಮರದಿಂದ ವೆನಿಲಾ, ತೆಂಗಿನಕಾಯಿ, ಕ್ಯಾರಮೆಲ್ಲಿನ ಘಮ ಬಿಯರಿಗಿಳಿಯಿತು. ಕೇಕಿನ ರುಚಿಗೆ ದಾರಿ ತೋರಿಸಿದ್ದು ಕೇಕಲ್ಲ, ಹಳೇ ಪೀಪಾಯಿ.

ಆಮೇಲಿನದು ನೂಕುನುಗ್ಗಲು. ಇಂಡಿಯಾನಾದ ತ್ರೀ ಫ್ಲಾಯ್ಡ್ಸ್ ಬ್ರೂವರಿಯ ‘ಡಾರ್ಕ್ ಲಾರ್ಡ್’ ಸ್ಟೌಟಿಗೆ ಕಾಫಿ, ಮೆಕ್ಸಿಕೊದ ವೆನಿಲಾ ಜೊತೆಗೆ ಭಾರತದ ಸಕ್ಕರೆ ಬೀಳುತ್ತದೆ. ಟ್ಯಾಂಪಾದ ಸಿಗಾರ್ ಸಿಟಿ ಬ್ರೂವರಿಯ ‘ಹುನಾಪು’ವಿಗೆ ಕೋಕೊ, ಒಣಮೆಣಸಿನಕಾಯಿ, ದಾಲ್ಚಿನ್ನಿ, ವೆನಿಲಾ. 2014ರ ಮಾರ್ಚಿನಲ್ಲಿ ಅದರ ಬಿಡುಗಡೆಯ ದಿನ ನಕಲಿ ಟಿಕೆಟ್ ಹಿಡಿದು ಬಂದವರಿಂದ ಗದ್ದಲವೆದ್ದು ಸರಕು ಸಾಲದೆ ಹೋಯಿತು. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ಮದ್ಯ ತೆರಿಗೆ ಇಲಾಖೆ ಕಾಫಿ, ಚಾಕೊಲೇಟ್, ವೆನಿಲಾ, ಲ್ಯಾಕ್ಟೋಸ್ ಮುಂತಾದವನ್ನು ಹಾಕುವ ಪ್ರತಿ ಬಿಯರಿಗೂ ಮೊದಲೇ ಸೂತ್ರ ಸಲ್ಲಿಸಿ ಒಪ್ಪಿಗೆ ಪಡೆಯಬೇಕೆಂಬ ಷರತ್ತನ್ನು ಸಡಿಲಿಸಿತು. ಪೇಸ್ಟ್ರಿ ಸ್ಟೌಟಿನ ಸುಗ್ಗಿ ಅದರ ಮುಂದಿನ ವರ್ಷಗಳದ್ದು. ಅವುಗಳಲ್ಲಿ ಎಷ್ಟೋ ಬರೀ ಎಸೆನ್ಸಿನ ಆಟ. ಹುರಿದ ಮಾಲ್ಟಿನ ಕಹಿ ಸಿಹಿಯನ್ನು ಹಿಡಿದು ನಿಲ್ಲಿಸಿದಾಗ ಮಾತ್ರ ಎರಡನೇ ಗುಟುಕು ಬೇಕೆನಿಸುತ್ತದೆ.

ಕರ್ನಾಟಕದ ಮೈಕ್ರೋಬ್ರೂವರಿಗಳ ಕಾಲ 2011ರಲ್ಲಿ ಬೆಂಗಳೂರಿನ ಬಿಯರ್ ಕ್ಲಬ್‌ನಿಂದ ಶುರುವಾಯಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ಹಾಕಿದ ಸ್ಟೌಟ್ ನಗರದಲ್ಲಿ ಈಗ ಅಪರೂಪವೇನಲ್ಲ. ಆದರೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಮಾನದಂಡದಲ್ಲಿ ‘ಸ್ಟ್ರಾಂಗ್’ ಬಿಯರಿನ ಮದ್ಯಾಂಶಕ್ಕೆ ಹಾಕಿದ ಗೆರೆ ಶೇ 8. ಇಲ್ಲಿನ ಬ್ರೂವರ್ ಕಾಫಿ, ಕೋಕೊ, ಬೆಲ್ಲ ಏನೇ ಹಾಕಿದರೂ ಶೇ 12ರ ಇಂಪೀರಿಯಲ್ ಸ್ಟೌಟನ್ನು ಬಿಯರ್ ಎಂದು ಮಾರುವಂತಿಲ್ಲ.