ಪರಂಗಿಮಲೈ ಮೆಟ್ಟಿಲು

ಚೆನ್ನೈಗೆ ಬಂದ ಮೈಸೂರಿನ ನೆಂಟರನ್ನು ನಾನು ಮೊದಲು ಕರೆದೊಯ್ಯುವುದು ಮರೀನಾಕ್ಕಲ್ಲ, ಪರಂಗಿಮಲೈಗೆ. ಚಾಮುಂಡಿ ಬೆಟ್ಟ ಹತ್ತಿದವರಿಗೆ ಇದು ಬೆಟ್ಟವೇ ಅಲ್ಲ. ಎತ್ತರ ಹೆಚ್ಚೆಂದರೆ 300 ಅಡಿ.

ಏಸುವಿನ ಶಿಷ್ಯ ತೋಮಸರು ಕ್ರಿ.ಶ. 72ರಲ್ಲಿ ಇಲ್ಲಿ ಈಟಿಯ ತಿವಿತಕ್ಕೆ ಪ್ರಾಣ ಬಿಟ್ಟರೆಂಬುದು ಭಕ್ತರ ನಂಬಿಕೆ. ಚರಿತ್ರೆಕಾರರ ತಕರಾರು ಮುಗಿದಿಲ್ಲ, ಮುಗಿಯುವಂಥದ್ದೂ ಅಲ್ಲ. ಪೋರ್ಚುಗೀಸರು 1523ರಲ್ಲಿ ತುದಿಯಲ್ಲಿ ಚರ್ಚು ಕಟ್ಟಿದರು. 1547ರಲ್ಲಿ ಅಲ್ಲೇ ಅಗೆಯುವಾಗ ಕಲ್ಲಿನ ಶಿಲುಬೆಯೊಂದು ಸಿಕ್ಕಿತು. ಈಗದು ಪೀಠದ ಹಿಂಗೋಡೆಯಲ್ಲಿದೆ: ಶಿಲುಬೆಯ ತಲೆಯ ಮೇಲೆ ಇಳಿಯುತ್ತಿರುವ ಪಾರಿವಾಳ, ಸುತ್ತ ಕಮಾನಾಗಿ ಬಾಗಿದ, ಹಳೆಯ ಪರ್ಷಿಯಾದ ಪಹ್ಲವಿ ಲಿಪಿ. ಈ ಕಲ್ಲು ರಕ್ತ ಸುರಿಸುತ್ತಿತ್ತು ಎನ್ನುತ್ತಾರೆ. ನನಗೆ ಅದಕ್ಕಿಂತ ಸೋಜಿಗ ಆ ಲಿಪಿಯದು. ಪೋರ್ಚುಗೀಸರ ಹಡಗು ಬರುವ ಎಷ್ಟೋ ಶತಮಾನ ಮೊದಲೇ ಪರ್ಷಿಯಾದ ನಂಟಿದ್ದ ಕ್ರೈಸ್ತರು ಈ ಕರಾವಳಿಯಲ್ಲಿದ್ದರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

ಹತ್ತುವ ಮೆಟ್ಟಿಲುಗಳನ್ನು ಕಟ್ಟಿಸಿದವನು ಪೆಟ್ರಸ್ ಉಸ್ಕಾನ್ ಎಂಬ ಅರ್ಮೇನಿಯನ್ ವರ್ತಕ. ಅಡ್ಯಾರ್ ನದಿಗೆ ಸೈದಾಪೇಟೆಯಲ್ಲಿ 1726ರಲ್ಲಿ ಸೇತುವೆ ಹಾಕಿಸಿದವನೂ ಅವನೇ. ಯಾತ್ರಿಕರು ಕಾಲು ನೆನೆಯದೆ ಬರಲಿ ಎಂದು. 1802ರಲ್ಲಿ ಬ್ರಿಟಿಷ್ ಅಧಿಕಾರಿ ಲ್ಯಾಂಬ್ಟನ್ ಭಾರತವನ್ನು ಅಳೆಯುವ ತನ್ನ ಮಹಾ ಭೂಮಾಪನದ ಮೊದಲ ಆಧಾರರೇಖೆಯನ್ನು ಅಳೆದದ್ದೂ ಈ ಗುಡ್ಡದ ಬಳಿಯೇ. ಆ ಅಳತೆ ಮುಂದೆ ಬೆಂಗಳೂರಿಗೂ ಬಂತು.

ಇಲ್ಲಿನ ಚರ್ಚಿನ ಹಬ್ಬ ಡಿಸೆಂಬರ್ 18ಕ್ಕೆ, ತುಂಬುಗರ್ಭಿಣಿ ಮೇರಿ ಮಾತೆಯ ಹೆಸರಿನಲ್ಲಿ. ಹೋಗುವವರು ಬೆಳಿಗ್ಗೆಯೇ ಹೋಗಿ.